ಪುಟ್ಟ ಮಕ್ಕಳಿಗೆ ಮರದ ಬ್ಲಾಕ್: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ ಮರಗೆಲಸ ಮಾಡಿಕೊಂಡಿರುವ ನಾನು ಬಾಗಿಲು, ಕಿಟಕಿಗಳ ನಡುವೆ ಶಿಶುವಿಹಾರಗಳಿಗೂ ಮನೆಗಳಿಗೂ ಮರದ ಬ್ಲಾಕ್ ಮಾಡಿಕೊಡುತ್ತೇನೆ. ಅಂಗಳದಲ್ಲಿ ನಿಂತು ಕೇಳಿದ, ಫೋನಿನಲ್ಲಿ ಕೇಳಿದ, ಕಾಗದ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದ್ದೇನೆ. ಬಯಲುಸೀಮೆಗೆ ಹೊಂದುವ ಉತ್ತರಗಳೆಲ್ಲ ಇಲ್ಲಿಗೆ ಹೊಂದುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಬೆವರುವ ಊರಿನಲ್ಲಿ ಮರದ ವಸ್ತು ಕೊಳ್ಳುವ ಲೆಕ್ಕವೇ ಬೇರೆ.

## ಮೊದಲ ಬಾರಿ ಕೊಳ್ಳುವವರಿಗೆ

ನಮ್ಮ ಪಾಪುವಿಗೆ ಈಗಷ್ಟೇ ವರ್ಷ ತುಂಬಿದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಈಗಲೇ ಬ್ಲಾಕ್ ಕೊಡಬಹುದೇ?

ಕೊಡಬಹುದು. ಆದರೆ ಮನೆ ಕಟ್ಟಲಿ ಎಂದು ಕಾಯಬೇಡಿ. ವರ್ಷದ ಮಗು ಎರಡು ಬ್ಲಾಕ್ ಹಿಡಿದು ಒಂದಕ್ಕೊಂದು ಬಡಿಯುತ್ತದೆ, ಚೊಂಬಿಗೆ ಹಾಕಿ ತೆಗೆಯುತ್ತದೆ, ನೀವು ಕಟ್ಟಿದ್ದನ್ನು ಕೆಡವುತ್ತದೆ. ಹದಿನೈದು ತಿಂಗಳ ಹೊತ್ತಿಗೆ ಒಂದರ ಮೇಲೊಂದು ಎರಡು, ಒಂದೂವರೆ ವರ್ಷಕ್ಕೆ ಮೂರು, ಎರಡಕ್ಕೆ ಆರು, ಮೂರಕ್ಕೆ ಒಂಬತ್ತು ಬ್ಲಾಕ್ ಪೇರಿಸುವುದು ಮಕ್ಕಳ ವೈದ್ಯರು ಬೆಳವಣಿಗೆ ನೋಡುವಾಗ ಬಳಸುವ ಅಂದಾಜು. ಎರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿಯಾಗಬೇಕಿಲ್ಲ. ಪಕ್ಕದ ಮನೆಯ ಕೂಸು ಏಳು ಪೇರಿಸಿತಂತೆ ಎಂಬ ಹೋಲಿಕೆಯಂತೂ ಬೇಡವೇ ಬೇಡ.

ಎಷ್ಟು ದೊಡ್ಡದಿರಬೇಕು? ಗಂಟಲಿಗೆ ಸಿಕ್ಕಿಕೊಂಡರೆ ಎಂದು ಅತ್ತೆಗೆ ಭಯ.

ಅತ್ತೆಯವರ ಭಯ ಸರಿಯಾದದ್ದೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಒಂದು ಪುಟ್ಟ ಕೊಳವೆ ಇದೆ. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ತಳ ಓರೆಯಾಗಿರುವುದರಿಂದ ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಆಟಿಕೆಯಾಗಲಿ, ಅದರಿಂದ ಕಳಚಿದ ಚೂರಾಗಲಿ ಯಾವುದೇ ಭಂಗಿಯಲ್ಲಿ ಪೂರ್ತಿ ಒಳಗೆ ಕುಳಿತರೆ ಅದು ಮೂರರೊಳಗಿನ ಮಗುವಿಗೆ ನಿಷಿದ್ಧ. ಚೆಂಡಿನಂತೆ ಗುಂಡಗಿರುವ ವಸ್ತುವಿಗೆ ನಿಯಮ ಇನ್ನೂ ಬಿಗಿ: 44.5 ಮಿಲಿಮೀಟರ್ ತೂತಿನಲ್ಲಿ ತೂರಬಾರದು.

ಮನೆಯ ಲೆಕ್ಕಕ್ಕೆ ನಾಲ್ಕು ಸೆಂಟಿಮೀಟರಿನ ಘನ ಸಾಕು. ಮಗುವಿನ ಅಂಗೈಗೆ ಕೂರುತ್ತದೆ, ಬಾಯಿಗೆ ಪೂರ್ತಿ ಹೋಗುವುದಿಲ್ಲ, ಹಗುರ ಮರದ್ದಾದರೆ ಮೂವತ್ತು ನಲವತ್ತು ಗ್ರಾಂ ತೂಗುತ್ತದೆ. ಐದು ಸೆಂಟಿಮೀಟರಿಗೆ ಹೋದರೆ ತೂಕ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಕಾಲಿನ ಮೇಲೆ ಬಿದ್ದಾಗ ಆ ವ್ಯತ್ಯಾಸ ತಿಳಿಯುತ್ತದೆ. ದೊಡ್ಡ ಸೆಟ್‌ಗಳಲ್ಲಿ ಬರುವ ಬೆರಳಿನ ಗಾತ್ರದ ಕಂಬ, ಪುಟ್ಟ ತ್ರಿಕೋನ, ಗೋಲಿಗಳನ್ನು ಮೊದಲ ದಿನವೇ ಎತ್ತಿಟ್ಟುಬಿಡಿ.

ಅಂಗಡಿಯವರು ನೂರು ಬ್ಲಾಕಿನ ಸೆಟ್ಟೇ ಲಾಭ ಎನ್ನುತ್ತಾರೆ. ಎಷ್ಟು ಬೇಕು?

ಲಾಭ ಯಾರಿಗೆ ಎಂದು ಅವರು ಹೇಳಲಿಲ್ಲವೇನೋ. ಎರಡು ವರ್ಷದವರೆಗೆ ಇಪ್ಪತ್ತು, ಇಪ್ಪತ್ನಾಲ್ಕು ಧಾರಾಳ. ಎರಡರಿಂದ ಮೂರರವರೆಗೆ ನಲವತ್ತು, ಐವತ್ತು. ನೂರು ಬೇಕಾಗುವುದು ಮಗು ಸೇತುವೆ, ಕೊಟ್ಟಿಗೆ, ಬಸ್‌ಸ್ಟ್ಯಾಂಡ್ ಎಂದು ಕಟ್ಟತೊಡಗಿದ ಮೇಲೆ. ಒಂದೇ ಗುಣಮಟ್ಟದ ಇಪ್ಪತ್ತನ್ನು ಈಗ ಕೊಂಡು, ಅದೇ ಅಳತೆಯ ಇನ್ನಷ್ಟನ್ನು ಮುಂದಿನ ವರ್ಷ ಸೇರಿಸುವುದು ಒಳ್ಳೆಯದು. ಅದಕ್ಕಾಗಿ ಅಳತೆಯನ್ನು ಬರೆದಿಟ್ಟುಕೊಳ್ಳಿ. ಬೇರೆ ಅಳತೆಯವು ಬಂದು ಸೇರಿದರೆ ಎರಡೂ ಕೆಲಸಕ್ಕೆ ಬಾರವು.

ಅಕ್ಷರ, ಅಂಕಿ ಇರುವ ಬ್ಲಾಕ್ ತಂದರೆ ಆಡುತ್ತಾ ಬೇಗ ಕಲಿಯುತ್ತಾಳೆ ಅಲ್ಲವೇ?

ಎರಡು ವರ್ಷದ ಮಗು ಬ್ಲಾಕಿನಿಂದ ಕಲಿಯುವುದು ಭಾರ, ಸಮತೋಲ, ಉದ್ದ, ಗಿಡ್ಡ. ಎರಡು ಚಿಕ್ಕದು ಸೇರಿದರೆ ಒಂದು ದೊಡ್ಡದಾಗುತ್ತದೆ ಎಂಬ ಗಣಿತವನ್ನು ಅದು ಕೈಯಿಂದಲೇ ಕಲಿಯುತ್ತದೆ. ಮೇಲೆ ‘ಅ’ ಅಚ್ಚಾಗಿದ್ದರೆ ಅಡ್ಡಿಯೇನೂ ಇಲ್ಲ, ಹೆಚ್ಚಿನ ಉಪಕಾರವೂ ಇಲ್ಲ. ಅಕ್ಷರದ್ದೇ ಬೇಕೆಂದಿದ್ದರೆ ಕೆತ್ತಿದ್ದನ್ನೋ ಸುಟ್ಟು ಬರೆದದ್ದನ್ನೋ ನೋಡಿ. ಕಾಗದ ಅಂಟಿಸಿದ್ದು ಜೊಲ್ಲಿಗೆ ಎದ್ದು ಮಗುವಿನ ಬಾಯಿಗೇ ಹೋಗುತ್ತದೆ. ಕೊಳ್ಳುವ ಮುಂಚೆ ಒಂದೊಂದು ಅಕ್ಷರವನ್ನೂ ಓದಿ. ‘ಪ’ ಮತ್ತು ‘ಷ’ ಅದಲುಬದಲಾದ, ‘ಋ’ ತಲೆಕೆಳಗಾದ ಸೆಟ್‌ಗಳನ್ನು ನಾನೇ ನೋಡಿದ್ದೇನೆ.

ತಂದುಕೊಟ್ಟದ್ದನ್ನೆಲ್ಲ ಎಸೆಯುತ್ತಾನೆ. ಕಟ್ಟುವುದೇ ಇಲ್ಲ. ದುಡ್ಡು ದಂಡವಾಯಿತೇ?

ಇಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿಯದೆ ಆರೇಳನ್ನು ಮಾತ್ರ ಕೊಡಿ. ನೀವೂ ನೆಲಕ್ಕೆ ಕುಳಿತು ಎರಡು ಪೇರಿಸಿ ಸುಮ್ಮನಿರಿ. ಎಸೆಯುವುದಕ್ಕೆ ಬೇರೆಯಾಗಿ ಬಟ್ಟೆಯ ಚೆಂಡು ಇರಲಿ. ಕೆಂಪು ಗಾರೆಯ ಅಥವಾ ಟೈಲ್ಸ್ ನೆಲವಾದರೆ ಹಳೆಯ ಜಮಖಾನ ಹಾಸಿ; ಬ್ಲಾಕಿನ ಮೂಲೆಯೂ ಉಳಿಯುತ್ತದೆ, ಮಧ್ಯಾಹ್ನ ಮಲಗಿದ ಅಜ್ಜನ ನಿದ್ರೆಯೂ ಉಳಿಯುತ್ತದೆ.

## ಅಂಗಡಿಯಲ್ಲಿ, ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ

ನನಗೆ ಮರದ ಗಂಧಗಾಳಿ ಇಲ್ಲ. ಅಂಗಡಿಯಲ್ಲಿ ನಿಂತು ಒಳ್ಳೆಯ ಬ್ಲಾಕ್ ಯಾವುದೆಂದು ಹೇಗೆ ತಿಳಿಯಲಿ?

ಮರ ಗೊತ್ತಿರಬೇಕಿಲ್ಲ, ಕೈ ಇದ್ದರೆ ಸಾಕು. ಮೊದಲು ಎಂಟು ಬ್ಲಾಕ್ ತೆಗೆದು ಗಾಜಿನ ಕೌಂಟರಿನ ಮೇಲೆ ಒಂದರ ಮೇಲೊಂದು ಪೇರಿಸಿ. ಐದನೆಯದಕ್ಕೇ ಓಲಾಡಿದರೆ ಕೊಯ್ತ ಸರಿಯಿಲ್ಲ. ದೊಡ್ಡವರ ಕೈಯಲ್ಲೇ ನಿಲ್ಲದ ಗೋಪುರ ಮಗುವಿನ ಕೈಯಲ್ಲಿ ನಿಂತೀತೇ? ಬೀಳುವುದು ಮಗುವಿನ ತಪ್ಪಿನಿಂದ ಬೀಳಬೇಕು, ಬಡಗಿಯ ತಪ್ಪಿನಿಂದಲ್ಲ.

ಆಮೇಲೆ ಅಂಚು. ನೈಲಾನ್ ಸೀರೆಯ ಸೆರಗನ್ನೋ ದುಪ್ಪಟ್ಟವನ್ನೋ ಬ್ಲಾಕಿನ ಹನ್ನೆರಡೂ ಅಂಚುಗಳ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಇದೆ. ಬೆರಳಿಗೆ ತಿಳಿಯದ ಸಿಬಿರು ಬಟ್ಟೆಗೆ ತಿಳಿಯುತ್ತದೆ. ಅಂಚು ಚೂಪಾಗಿರದೆ ಎರಡು ಮಿಲಿಮೀಟರಿನಷ್ಟು ಸವರಿರಬೇಕು. ಬೆಣಚುಕಲ್ಲಿನಂತೆ ಪೂರ್ತಿ ಗುಂಡಗೆ ಮಾಡಿದ್ದರೆ ಪೇರಿಸಲು ಸಪಾಟು ಜಾಗವೇ ಉಳಿಯುವುದಿಲ್ಲ.

ನಂತರ ಬ್ಲಾಕಿನ ತಲೆಯನ್ನು, ಅಂದರೆ ಮರದ ಎಳೆ ಕೊನೆಗೊಳ್ಳುವ ಮುಖವನ್ನು ನೋಡಿ. ಅಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಮುಂದಿನ ಬೇಸಿಗೆಗೆ ಅದು ಅಗಲವಾಗುತ್ತದೆ. ಅದೇ ಮುಖ ಒರಟಾಗಿ, ಉಳಿದ ನಾಲ್ಕು ಮುಖ ನುಣುಪಾಗಿದ್ದರೆ ಕೆಲಸ ಅವಸರದ್ದು ಎಂದರ್ಥ. ತಲೆಯನ್ನು ನುಣುಪು ಮಾಡುವುದೇ ಕಷ್ಟದ ಕೆಲಸ, ಕಳ್ಳತನ ನಡೆಯುವುದೂ ಅಲ್ಲೇ. ಕೊನೆಗೆ ಎರಡನ್ನು ಕಿವಿಯ ಬಳಿ ಬಡಿಯಿರಿ. ಒಣಮರ ಟಕ್ ಎಂದು ಚುರುಕಾಗಿ ನುಡಿಯುತ್ತದೆ, ಹಸಿ ಮರ ಮಂಕಾಗಿ ಡಬ್ ಎನ್ನುತ್ತದೆ. ಪೊಟ್ಟಣ ಬಿಚ್ಚಿದಾಗ ಥಿನ್ನರ್ ವಾಸನೆ ಮೂಗಿಗೆ ಹೊಡೆದರೆ ಮುಂದೆ ಏನನ್ನೂ ಪರೀಕ್ಷಿಸಬೇಕಿಲ್ಲ.

ಐಎಸ್‌ಐ ಗುರುತು ಇರಲೇಬೇಕಂತೆ. ಹಾಗಾದರೆ ಚನ್ನಪಟ್ಟಣದ ಆಟಿಕೆಗೆ ಅದು ಏಕಿಲ್ಲ?

2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಕಾರ, ಅಂಚು, ಚೂರುಗಳ ಪರೀಕ್ಷೆ, ಬೆಂಕಿಗೆ ತಗಲುವ ಗುಣ, ಬಣ್ಣದಿಂದ ಹೊರಬರುವ ಸೀಸದಂಥ ಲೋಹಗಳು, ಇವೆಲ್ಲ ಐಎಸ್ 9873 ಎಂಬ ಮಾನದಂಡದ ಬೇರೆ ಬೇರೆ ಭಾಗಗಳು. ಗುರುತಿನ ಜೊತೆಗೆ ಪರವಾನಗಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು.

ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಊರಿನ ಹೆಸರಿನ ಮೇಲೆ ಕೊಡುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಉತ್ಪನ್ನಗಳನ್ನು ಅಧಿಕೃತ ಬಳಕೆದಾರರು ಮಾಡಿ ಮಾರುವಾಗಲೂ ಇದರಿಂದ ವಿನಾಯಿತಿ ಇದೆ. ಚನ್ನಪಟ್ಟಣ ಆ ಪಟ್ಟಿಯಲ್ಲಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಚನ್ನಪಟ್ಟಣದ ಹೆಸರು ಬಂದಿರುವುದು ಅರಗಿನ ಕೆಲಸದಿಂದ. ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ತಾಳೆ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ತಿರುಗಬೇಕಾದ್ದರಿಂದ ಅದು ಗುಂಡನೆಯ ವಸ್ತುವಿಗೆ ಮಾತ್ರ ಸಾಧ್ಯ. ಗಿಲಿಕೆ, ಬಳೆಗೋಪುರ, ಬುಗುರಿಗಳಿಗೆ ಅದಕ್ಕಿಂತ ಒಳ್ಳೆಯ ಲೇಪ ನನಗೆ ಗೊತ್ತಿಲ್ಲ. ಚೌಕದ ಬ್ಲಾಕಿಗೆ ಆ ರೀತಿಯಲ್ಲಿ ಅರಗು ಹಿಡಿಸಲಾಗದು. ಆದ್ದರಿಂದ ಚನ್ನಪಟ್ಟಣದ್ದೇ ಚೌಕದ ಬ್ಲಾಕ್ ಎಂದಾಗ, ಮೇಲಿನ ಬಣ್ಣ ಯಾವುದು ಎಂದು ಪ್ರತ್ಯೇಕವಾಗಿ ಕೇಳಬೇಕು.

ಜಾತ್ರೆಯಲ್ಲಿ ಬಣ್ಣಬಣ್ಣದ ಮರದ ಆಟಿಕೆ ಕಡಿಮೆಗೆ ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಬಣ್ಣ ಹೋಗಲಿಲ್ಲ. ಕೊಡಬಹುದೇ?

ಸಾಗರದ ಮಾರಿಕಾಂಬಾ ಜಾತ್ರೆಯಲ್ಲಾಗಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಾಗಲಿ ಮಗುವನ್ನು ಆಟಿಕೆ ಸಾಲಿನಿಂದ ಬರಿಗೈಯಲ್ಲಿ ಕರೆತರುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಒದ್ದೆ ಬಟ್ಟೆಯ ಪರೀಕ್ಷೆ ಹೇಳುವುದು ಬಣ್ಣ ಬಿಡುತ್ತದೆಯೇ ಎಂಬುದನ್ನು ಮಾತ್ರ. ಸೀಸ ಇದೆಯೇ ಎಂಬುದನ್ನಲ್ಲ. ಸೀಸ ಬೆರೆಸಿದ ಎನಾಮೆಲ್ ಬಣ್ಣ ಗಟ್ಟಿಯಾಗಿ ಕೂರುತ್ತದೆ, ಚೆನ್ನಾಗಿ ಹೊಳೆಯುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಅದರ ಸಂಶಯ ಹೆಚ್ಚು. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕೆಗೆಂದು ಮಾರುವ ಬಣ್ಣಗಳು ಆ ನಿಯಮದ ಹೊರಗಿವೆ, ತಳ್ಳುಗಾಡಿಯಲ್ಲಿ ಮಾರುವ ಆಟಿಕೆಗೆ ಯಾವ ಡಬ್ಬದ ಬಣ್ಣ ಬಿತ್ತೋ ಮಾರುವವನಿಗೂ ಗೊತ್ತಿರುವುದಿಲ್ಲ.

ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಿತಿ ಮಕ್ಕಳ ಮಟ್ಟಿಗೆ ಇಲ್ಲ. ಮೂರು ವರ್ಷದೊಳಗಿನ, ಎಲ್ಲವನ್ನೂ ಚೀಪುವ ಮಗುವಿಗೆ ಮೂಲ ತಿಳಿಯದ ಬಣ್ಣದ ಆಟಿಕೆ ಬೇಡ. ಜಾತ್ರೆಯಲ್ಲಿ ಬಣ್ಣ ಹಚ್ಚದ ಲಟ್ಟಣಿಗೆ, ಮಣೆ, ಸೌಟು ಮಾರುವವರೂ ಇರುತ್ತಾರೆ. ಪುಟ್ಟ ಲಟ್ಟಣಿಗೆ ಕೊಡಿಸಿ ಕರೆತನ್ನಿ.

ಆನ್‌ಲೈನಿನಲ್ಲಿ ‘ಎಂಜಿನಿಯರ್ಡ್ ವುಡ್’ ಎಂದು ಬರೆದಿರುತ್ತದೆ. ಅದೂ ಮರವೇ ಅಲ್ಲವೇ?

ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ ಅದು, ಬಹುಮಟ್ಟಿಗೆ ಎಂಡಿಎಫ್. ಸಾಮಾನ್ಯ ಎಂಡಿಎಫ್‌ನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ. ಅದನ್ನು ಬಿಟ್ಟರೂ ಮಲೆನಾಡಿನಲ್ಲಿ ಅದು ಬಾಳುವುದಿಲ್ಲ. ಜೊಲ್ಲು ಮತ್ತು ಆಷಾಢದ ಗಾಳಿ ಎರಡೂ ಸೇರಿದರೆ ಮೂಲೆಗಳು ಊದಿಕೊಂಡು ಬಿರಿಯುತ್ತವೆ. ವಿವರಣೆಯಲ್ಲಿ ಮರದ ಹೆಸರು, ಮಿಲಿಮೀಟರಿನಲ್ಲಿ ಅಳತೆ, ಬಣ್ಣದ ವಿವರ, ಪರವಾನಗಿ ಸಂಖ್ಯೆ ಇವಿಷ್ಟೂ ಇದ್ದರೆ ತರಿಸಿ. ಫೋಟೋದಲ್ಲಿ ಮಗುವಿನ ಕೈಯಷ್ಟು ದೊಡ್ಡದಾಗಿ ಕಂಡದ್ದು ಮನೆಗೆ ಬರುವಾಗ ಲವಂಗದ ಡಬ್ಬಿಯಷ್ಟಾಗುವುದು ಹೊಸದೇನಲ್ಲ.

## ಮರ ಮತ್ತು ಲೇಪ

ನಮ್ಮಲ್ಲಿ ಬೀಟೆ, ಸಾಗುವಾನಿ, ಹೊನ್ನೆ ಎಲ್ಲ ಇದೆ. ಯಾವುದರಲ್ಲಿ ಮಾಡಿಸಿದರೆ ಶ್ರೇಷ್ಠ?

ಮೂರನ್ನೂ ಬಿಡಿ. ಬಾಗಿಲಿಗೆ ಶ್ರೇಷ್ಠವಾದದ್ದು ಬ್ಲಾಕಿಗೆ ಶ್ರೇಷ್ಠವಾಗಬೇಕಿಲ್ಲ. ಬೀಟೆ ವಿಪರೀತ ಭಾರ, ಅದರ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಸ್ವಂತ ಜಮೀನಿನದ್ದಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರಿಗೆ ಅದು ಗೊತ್ತು. ಮಗು ಚೀಪಿದರೂ ಅದೇ ಆಗುತ್ತದೆ, ಅಂಗಿಯ ಮೇಲೆ ಕಲೆ ಉಳಿಯುತ್ತದೆ. ಸಾಗುವಾನಿಯಲ್ಲಿ ದೋಷವಿಲ್ಲ, ಆದರೆ ಅಂಚಿನಲ್ಲಿ ಉದ್ದುದ್ದ ಸಿಬಿರು ಏಳುವ ಸ್ವಭಾವ. ಬೆಲೆಯೂ ಆಟಿಕೆಯದ್ದಲ್ಲ.

ನನ್ನ ಮೊದಲ ಆಯ್ಕೆ ಶಿವನೆ. ತಿಳಿ ಬಣ್ಣ, ಹಗುರ, ಉಳಿಗೆ ಮೃದು. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗೂ ಬಿಸಿಲಿಗೂ ಹೆಚ್ಚು ಹಿಗ್ಗಿ ಕುಗ್ಗುವ ಮರವಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದ ಜೊತೆಗೆ ಶಿವನೆಯನ್ನೂ ಕೆತ್ತುವುದು ಸುಮ್ಮನೆ ಅಲ್ಲ. ಎರಡನೆಯದು ಕಾರ್ಖಾನೆಯಲ್ಲಿ ಒಣಗಿಸಿ ಸಂಸ್ಕರಿಸಿದ ರಬ್ಬರ್ ಮರ. ಎಳೆ ಒತ್ತಾಗಿರುವುದರಿಂದ ಸಿಬಿರು ಕಡಿಮೆ. ಅಂಗಡಿಯ ಬಹಳಷ್ಟು ಒಳ್ಳೆಯ ಬ್ಲಾಕ್‌ಗಳು ಇದರವೇ. ಚನ್ನಪಟ್ಟಣದವರು ಬಳಸುತ್ತಾ ಬಂದ ಆಲೆಮರವೂ ಒತ್ತು ಎಳೆಯ ಬಿಳಿ ಮರ, ಹಲಗೆಯಾಗಿ ಸಿಕ್ಕರೆ ಬಿಡಬೇಡಿ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಕೂಡ ಪರವಾಗಿಲ್ಲ. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ವಿನಾಯಿತಿ ಇರುವುದೂ ಅನುಕೂಲ. ಹಲಸು ಕೆಲಸಕ್ಕೆ ಚೆಂದ, ಆದರೆ ಅದರ ಹಳದಿಯೂ ಸ್ವಲ್ಪ ಇಳಿಯುತ್ತದೆ. ಅಕೇಶಿಯಾ ಗಟ್ಟಿ ಮರವೇ ಹೌದು, ಒಣಗುವಾಗ ಬಿರಿಯುವ ಅದರ ಹಟಕ್ಕೆ ನನ್ನಲ್ಲಿ ತಾಳ್ಮೆ ಇಲ್ಲ.

ತೋಟದಲ್ಲಿ ಬಿದ್ದ ಅಡಿಕೆ ಮರ ಬೇಕಾದಷ್ಟಿದೆ. ಅದರಲ್ಲೇ ಮಾಡಬಾರದೇ?

ಅಡಿಕೆ ಮರವನ್ನು ದಬ್ಬೆಯಾಗಿ (ಉದ್ದ ಪಟ್ಟಿಯಾಗಿ) ಸೀಳಿದವರು ಈ ಪ್ರಶ್ನೆ ಕೇಳುವುದಿಲ್ಲ. ಅಡಿಕೆಯ ಹೊರಭಾಗ ನಾರುನಾರು, ಒಂದೊಂದು ನಾರೂ ಸೂಜಿ. ಒಳಭಾಗ ಬೆಂಡು. ಎಷ್ಟು ಉಜ್ಜಿದರೂ ಅಂಚು ನಿಲ್ಲುವುದಿಲ್ಲ. ಬಿದಿರಿನ ಕಥೆಯೂ ಹೆಚ್ಚುಕಡಿಮೆ ಇದೇ.

ಬಣ್ಣ ಬೇಡ ಎಂದಿರಿ. ಹಾಗಾದರೆ ಮನೆಯ ಕೊಬ್ಬರಿ ಎಣ್ಣೆ ಹಚ್ಚಿಡಬಹುದೇ?

ಕೊಬ್ಬರಿ ಎಣ್ಣೆ ಎಂದಿಗೂ ಗಟ್ಟಿಯಾಗುವುದಿಲ್ಲ. ಮರದಲ್ಲಿ ಹಸಿಯಾಗಿಯೇ ಉಳಿದು, ಧೂಳು ಹಿಡಿದು, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗೂ ಇದೇ ಮಾತು.

ಗಾಳಿಗೆ ಒಣಗಿ ಗಟ್ಟಿಯಾಗುವುದು ಅಗಸೆ ಎಣ್ಣೆ. ಗಾಣದ ಶುದ್ಧ ಅಗಸೆ ಎಣ್ಣೆಯನ್ನೇ ತನ್ನಿ. ಬಣ್ಣದ ಅಂಗಡಿಯಲ್ಲಿ ‘ಬಾಯಿಲ್ಡ್’ ಎಂದು ಸಿಗುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದು ಬೇಡ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನೆಲ್ಲ ಒರೆಸಿ ತೆಗೆಯಿರಿ. ಮಾರ್ಚ್, ಏಪ್ರಿಲಿನಲ್ಲಿ ಮಾಡಿದರೆ ಎರಡು ಮೂರು ವಾರಕ್ಕೆ ಒಣಗುತ್ತದೆ, ಜುಲೈಯಲ್ಲಿ ಮಾಡಿದರೆ ಅಂಟಂಟಾಗಿಯೇ ಉಳಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಹರಡಿ, ಹೊರಗೆ ಒಣಗಿಸಿ.

ಚೆನ್ನಾಗಿ ಉಜ್ಜಿದ ಬ್ಲಾಕನ್ನು ಏನೂ ಹಚ್ಚದೆ ಕೊಟ್ಟರೂ ತಪ್ಪಿಲ್ಲ. ಸ್ವಲ್ಪ ಕಪ್ಪಾಗುತ್ತದೆ, ಅಷ್ಟೇ.

## ಮಳೆಗಾಲದ ಪ್ರಶ್ನೆಗಳು

ಮೇ ತಿಂಗಳಲ್ಲಿ ತಂದದ್ದು ಆಗಸ್ಟಿಗೆ ಬೂಷ್ಟು ಹಿಡಿದಿದೆ. ಎಸೆಯಬೇಕೇ?

ಬೇಡ. ಗಾಳಿಯ ತೇವ ತೊಂಬತ್ತರ ಆಸುಪಾಸಿನಲ್ಲೇ ವಾರಗಟ್ಟಲೆ ನಿಂತರೆ ಮರದೊಳಗಿನ ತೇವಾಂಶ ಇಪ್ಪತ್ತು ಶೇಕಡಾ ಮುಟ್ಟುತ್ತದೆ. ಬೂಷ್ಟಿಗೆ ಅಷ್ಟು ಸಾಕು. ಹೊಸನಗರ, ಆಗುಂಬೆ ಕಡೆ ಚಪ್ಪಲಿ, ಬೆಲ್ಟಿಗೂ ಬರುವ ಬೂಷ್ಟು ಬ್ಲಾಕನ್ನು ಬಿಟ್ಟೀತೇ? ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲು ಬಂದ ದಿನ ತಿರುವಿ ಹಾಕಿ. ಕಪ್ಪು ಚುಕ್ಕೆ ಉಳಿದರೆ ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಮಗುವಿಗೆ ಉಬ್ಬಸದ ತೊಂದರೆ ಇದ್ದರೆ ಮಾತ್ರ ಆಳಕ್ಕೆ ಇಳಿದ ಬೂಷ್ಟಿನ ಬ್ಲಾಕ್‌ಗಳನ್ನು ಬಿಟ್ಟುಬಿಡುವುದು ಮೇಲು.

ಬೂಷ್ಟು ಬರುವುದು ಹೆಚ್ಚಾಗಿ ಇಡುವ ಜಾಗದಿಂದ. ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಬೇಡ. ಮೇದಾರರು ಹೆಣೆದ ಬಿದಿರಿನ ಬುಟ್ಟಿಯಲ್ಲಿ ಹಾಕಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಡಿ. ರಾತ್ರಿ ಫ್ರಿಜ್ಜಿನ ತಲೆಯ ಮೇಲಿನ ಬೆಚ್ಚಗಿನ ಜಾಗವೂ ಆಗುತ್ತದೆ. ಹೊಗೆ ಅಟ್ಟದಲ್ಲಿಡಿ ಎಂದು ಅಜ್ಜಿಯರು ಹೇಳುತ್ತಾರೆ. ಬುಟ್ಟಿ, ಬಿತ್ತನೆ ಬೀಜಕ್ಕೆ ಅದು ಒಳ್ಳೆಯ ಜಾಗವೇ, ಆದರೆ ಅಲ್ಲಿಯ ಮಸಿ, ಡಾಂಬರಿನಂಥ ಹೊಗೆಯಂಟು ಬ್ಲಾಕಿಗೂ ಹತ್ತಿ ಮಗುವಿನ ಬಾಯಿಗೆ ಹೋಗುತ್ತದೆ.

ಜ್ವರ ಬಂದ ಮಗು ಆಡಿದ ಬ್ಲಾಕ್‌ಗಳನ್ನು ಬಿಸಿನೀರಿನಲ್ಲಿ ಕುದಿಸಬಹುದೇ?

ಕುದಿಸಿದರೆ ಒಂದೇ ಸಲಕ್ಕೆ ಮುಗಿಯಿತು: ಊದಿ, ಒಣಗುವಾಗ ಬಿರಿಯುತ್ತವೆ. ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ತಕ್ಷಣ ಉರಿ ಬಿಸಿಲಿಗೆ ಹಾಕದೆ ಮೊದಲು ನೆರಳಿನಲ್ಲಿ ಆರಿಸಿ.

ಬ್ಲಾಕಿನಲ್ಲಿ ಗುಂಡುಸೂಜಿಯಷ್ಟು ತೂತು, ಬುಟ್ಟಿಯ ತಳದಲ್ಲಿ ಹಿಟ್ಟಿನಂಥ ಪುಡಿ. ಗೆದ್ದಲೇ?

ಗೆದ್ದಲಲ್ಲ, ಕುಟ್ಟೆ ಹುಳು. ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ, ಇದು ಮರದೊಳಗೇ ಹುಟ್ಟಿ ಹೊರಬರುತ್ತದೆ. ಸಂಸ್ಕರಿಸದ ರಬ್ಬರ್, ಮಾವು ಮತ್ತು ಯಾವುದೇ ಮರದ ಬಿಳಿ ಭಾಗ ಇದಕ್ಕೆ ಪ್ರಿಯ. ಕೀಟನಾಶಕ ಸಿಂಪಡಿಸುವ ಯೋಚನೆಯೇ ಬೇಡ. ತೂತು ಬಿದ್ದದ್ದನ್ನು ಒಲೆಗೆ ಹಾಕಿ. ಉಳಿದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ.

## ಮಾಡಿಸುವವರಿಗೆ, ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ನಮ್ಮೂರ ಆಚಾರಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಅವರಿಗೆ ಯಾವ ಅಳತೆ ಹೇಳಲಿ?

ಅಳತೆಗಳು ಒಂದಕ್ಕೊಂದು ದುಪ್ಪಟ್ಟಿನ ಸಂಬಂಧದಲ್ಲಿರಬೇಕು. ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಬ್ಲಾಕ್ ಇಂದಿಗೂ ಶಿಶುವಿಹಾರಗಳಲ್ಲಿ ನಡೆಯುತ್ತಿರುವುದು ದಪ್ಪ, ಅಗಲ, ಉದ್ದ 1:2:4 ಎಂಬ ಆ ಒಂದೇ ಲೆಕ್ಕದಿಂದ. ಅದು ಸುಮಾರು 3.5, 7, 14 ಸೆಂಟಿಮೀಟರ್. ನಾಲ್ಕೈದು ವರ್ಷದವರಿಗೆ ಅದು ಸರಿ, ಆದರೆ ಒಂದೊಂದೂ ಇನ್ನೂರು ಗ್ರಾಂ ತೂಗುವುದರಿಂದ ಎರಡು ವರ್ಷದ ಮಗುವಿಗೆ ಭಾರ. ಪುಟ್ಟವರಿಗೆ ನಾನು ಹೇಳುವುದು ಮೂರೇ ಆಕಾರ: 4×4×4ರ ಹತ್ತು, 4×4×8ರ ಎಂಟು, 2×4×8ರ ಹಲಗೆ ಆರು.

ಆಚಾರಿಗೆ ಇನ್ನೆರಡು ಮಾತು ಹೇಳಿ. ಒಂದು, ಪ್ರತಿಯೊಂದನ್ನೂ ಗೆರೆ ಎಳೆದು ಕೊಯ್ಯದೆ, ಗರಗಸದ ಪಕ್ಕ ಒಂದು ತಡೆ ಕಟ್ಟಿಕೊಂಡು ಒಂದೇ ಅಳತೆಯವನ್ನೆಲ್ಲ ಒಂದೇ ಸಲ ಕೊಯ್ಯಲಿ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಎರಡು, ಗಂಟು ಇರುವ ಭಾಗವನ್ನು ಬಿಡಲಿ; ಗಂಟು ಒಣಗಿ ಕಳಚಿದರೆ ಅದೇ ನುಂಗುವ ಚೂರು. ಮೊಳೆ, ಸ್ಕ್ರೂ, ಫೆವಿಕಾಲ್ ಯಾವುದೂ ಬೇಡ. ಒಂದೇ ಮರ, ಒಂದೇ ತುಂಡು.

ಮರ ಒಣಗಿದೆ ಎಂದು ಮಿಲ್ಲಿನವರು ಹೇಳುತ್ತಾರೆ. ತೇವ ಅಳೆಯುವ ಮೀಟರ್ ಇಲ್ಲದೆ ಹೇಗೆ ನಂಬುವುದು?

ತೂಗಿ ನೋಡಿ. ಹಲಗೆಯ ತುದಿಯಿಂದ ಒಂದಡಿಯಾದರೂ ಒಳಗಿನಿಂದ ಬೆರಳಗಲದ ಚೂರು ಕೊಯ್ದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕೇಕ್ ಸುಡುವ ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಗಂಟೆಗೊಮ್ಮೆ ತೂಗಿ. 57 ಗ್ರಾಂ ಇದ್ದದ್ದು 50ಕ್ಕೆ ನಿಂತರೆ, ಕಳೆದುಹೋದ ಏಳನ್ನು ಐವತ್ತರಿಂದ ಭಾಗಿಸಿದರೆ ತೇವಾಂಶ 14 ಶೇಕಡಾ. ಮಲೆನಾಡಿನ ಮನೆಗೆ ಹನ್ನೆರಡರಿಂದ ಹದಿನಾಲ್ಕು ಹದವಾದದ್ದು. ಹದಿನೆಂಟು ಇಪ್ಪತ್ತಿದ್ದರೆ ಹಲಗೆಗಳ ನಡುವೆ ರೀಪು (ತೆಳ್ಳನೆಯ ಮರದ ಪಟ್ಟಿ) ಇಟ್ಟು ಸೂರಿನಡಿ ಪೇರಿಸಿ ಕಾಯಬೇಕು. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ, ಅದರಲ್ಲಿ ಮಳೆಗಾಲದ ತಿಂಗಳುಗಳನ್ನು ನಾನು ಎಣಿಸುವುದಿಲ್ಲ.

ದುಬಾರಿ ವಿದೇಶಿ ಸೆಟ್. ಬೇಸಿಗೆಯಲ್ಲಿ ಗೋಪುರ ನೆಟ್ಟಗೆ ನಿಲ್ಲುತ್ತಿತ್ತು, ಈಗ ವಾಲುತ್ತಿದೆ. ಮರ ಬೆಳೆಯಿತೇ?

ಬೆಳೆಯಲಿಲ್ಲ, ನೀರು ಕುಡಿಯಿತು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಹಿಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರಗಳ ಜೊತೆಗೇ ಸಾಗುವ ದಿಕ್ಕಿನಲ್ಲಿ ಹೆಚ್ಚು. ಎಂಟು ಶೇಕಡಾ ತೇವಕ್ಕೆ ಒಣಗಿಸಿ ಕೊಯ್ದ ಬೀಚ್ ಮರ ನಮ್ಮ ಶ್ರಾವಣದಲ್ಲಿ ಹದಿನೆಂಟಕ್ಕೆ ಏರಿದರೆ, ನಾಲ್ಕು ಸೆಂಟಿಮೀಟರಿನ ಬ್ಲಾಕ್ ಒಂದು ಕಡೆಗೆ ಸುಮಾರು ಒಂದೂವರೆ ಮಿಲಿಮೀಟರ್ ಊದಬಹುದು, ಇನ್ನೊಂದು ಕಡೆಗೆ ಅದರ ಅರ್ಧ. ಚೌಕ ಚೌಕವಾಗಿ ಉಳಿಯುವುದಿಲ್ಲ. ಉಜ್ಜಿ ಸರಿಮಾಡಲು ಹೋಗಬೇಡಿ. ಜನವರಿಯಲ್ಲಿ ತಾನಾಗಿ ಮೊದಲಿನ ಆಕಾರಕ್ಕೆ ಬಂದಾಗ ನೀವು ಉಜ್ಜಿದ್ದು ಹಳ್ಳವಾಗಿ ಕಾಣುತ್ತದೆ. ಅಲ್ಲಿಯವರೆಗೆ ಎಲ್ಲ ಬ್ಲಾಕ್‌ಗಳನ್ನೂ ಎಳೆ ಒಂದೇ ದಿಕ್ಕಿಗೆ ಬರುವಂತೆ ಪೇರಿಸಿದರೆ ಓಲಾಟ ಕಡಿಮೆ.

ಹಳೆಯ ಹೆಂಚಿನ ಮನೆ ಕೆಡವಿದ್ದೇವೆ. ಅಜ್ಜನ ಕಾಲದ ತೊಲೆ, ಪಕಾಸಿ (ಮಾಡಿನ ಇಳಿಜಾರಿಗೆ ಹಾಕುವ ಸಣ್ಣ ಮರ) ಇವೆ. ಮೊಮ್ಮಗಳಿಗೆ ಅದರಲ್ಲೇ ಬ್ಲಾಕ್ ಮಾಡಿಸುವ ಆಸೆ.

ಆಸೆ ಚೆನ್ನಾಗಿದೆ, ಮರವೂ ದಶಕಗಟ್ಟಲೆ ಒಣಗಿದ್ದು. ಆದರೆ ಅದಕ್ಕೆ ಏನೇನು ಹಚ್ಚಿದ್ದರು ಎಂದು ಮೊದಲು ಮನೆಯ ಹಿರಿಯರನ್ನು ಕೇಳಿ. ನಮ್ಮ ಕಡೆ ಹುಳ ಹಿಡಿಯದಿರಲೆಂದು ಪಕಾಸಿ, ರೀಪುಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಹಸಿ ಗೇರುಬೀಜ ಸುಲಿದವರ ಕೈಯಲ್ಲಿ ಬೊಬ್ಬೆ ಎಬ್ಬಿಸುವುದು ಅದೇ ಎಣ್ಣೆ. ಡಾಂಬರು ಬಳಿದದ್ದೂ ಉಂಟು, ಹಳೆಯ ಎನಾಮೆಲ್ ಬಣ್ಣದ್ದೂ ಉಂಟು, ಗೆದ್ದಲಿನ ಔಷಧಿ ಸುರಿದದ್ದೂ ಉಂಟು.

ಏನೂ ಹಚ್ಚಿಲ್ಲ ಎಂದು ಖಚಿತವಾದರೆ ದಪ್ಪ ತೊಲೆಯನ್ನು ಆರಿಸಿ. ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ ತೆಗೆಸಿ, ನಾಲ್ಕೂ ಬದಿಯಿಂದ ಅಂಗುಲದಷ್ಟು ಸೀಳಿ ಹಾಕಿ, ಒಳಗಿನ ಕೆಚ್ಚಿನಿಂದ ಮಾತ್ರ ಕೊಯ್ಸಿ. ಪಕಾಸಿಯಲ್ಲಿ ಹಾಗೆ ಸೀಳಿದರೆ ಉಳಿಯುವುದೇ ಏನೂ ಇಲ್ಲ. ಹಿರಿಯರಿಗೂ ನೆನಪಿಲ್ಲ, ಮೂಸಿದರೂ ತಿಳಿಯುತ್ತಿಲ್ಲ ಎಂದಾದರೆ ಆ ತೊಲೆಯಲ್ಲಿ ಬ್ಲಾಕಿನ ಬುಟ್ಟಿ ಇಡಲು ಎತ್ತರದ ಒಂದು ಹಲಗೆ ಹೊಡೆಸಿ, ಬ್ಲಾಕನ್ನು ಶಿವನೆಯಲ್ಲೇ ಮಾಡಿಸಿ.